ಪರೀಕ್ಷಾ ಅಕ್ರಮದ ಆರೋಪದಲ್ಲಿ ಡಿಬಾರ್ ಆದರೆ: ಹೈಕೋರ್ಟಿಗೆ ಹೋಗುವ ಮುನ್ನ, ಹೋದ ಮೇಲೆ

ಸೆಮಿಸ್ಟರ್ ಫಲಿತಾಂಶಗಳು ಹೊರಬೀಳುವ ವಾರಗಳಲ್ಲಿ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ನಕಲು ಮಾಡಿದ್ದೇನೆಂದು ವಿಶ್ವವಿದ್ಯಾಲಯ ಡಿಬಾರ್ ಮಾಡಿದೆ, ಕೋರ್ಟಿಗೆ ಹೋಗಬಹುದೇ? ಹೋದರೆ ಗೆಲ್ಲಬಹುದೇ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೋಗಬಹುದು. ಸಂವಿಧಾನದ 226ನೇ ವಿಧಿಯ ಅಡಿಯಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸಾರ್ವಜನಿಕ ಸಂಸ್ಥೆಯ ತೀರ್ಮಾನವನ್ನು ಪ್ರಶ್ನಿಸುವ ಅರ್ಜಿ, ಸಲ್ಲಿಸಬಹುದು. ಎರಡನೆಯದಕ್ಕೆ ಉತ್ತರ ನಿಮ್ಮ ಕೈಯಲ್ಲಿರುವ ಕಾಗದಗಳನ್ನು ಅವಲಂಬಿಸಿದೆ. ಇಂಥ ಪ್ರಕರಣಗಳ ಗೆಲುವು ಸೋಲು ಬಹುಪಾಲು ತೀರ್ಮಾನವಾಗುವುದು ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಯ ಎದುರು, ಹೈಕೋರ್ಟಿನ ಮೆಟ್ಟಿಲು ಹತ್ತುವ ಎಷ್ಟೋ ಮೊದಲು. ಆದ್ದರಿಂದಲೇ ಈ ಲೇಖನದ ಅರ್ಧ ಭಾಗ ನ್ಯಾಯಾಲಯಕ್ಕೆ ಹೋಗುವುದಕ್ಕಿಂತ ಮುಂಚಿನ ಹಂತಗಳ ಬಗ್ಗೆಯೇ ಇದೆ. ಆರೋಪ ಇನ್ನೂ ಹೊಸದಾಗಿದ್ದರೆ ಆ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ.

ಇಲ್ಲಿ ಹೇಳಿರುವುದು ಕರ್ನಾಟಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇದು ದಾರಿ ತೋರಿಸಬಲ್ಲದು. ನಿಮ್ಮ ಕಡತವನ್ನು ಓದಿ ಸಲಹೆ ಕೊಡುವ ವಕೀಲರ ಜಾಗವನ್ನು ತುಂಬಲಾರದು.

ನ್ಯಾಯಾಲಯ ಏನನ್ನು ನೋಡುತ್ತದೆ?

ಹೆಚ್ಚಿನ ವಿದ್ಯಾರ್ಥಿಗಳು ಮತ್ತು ಪೋಷಕರು ಎಡವುವುದು ಇಲ್ಲಿಯೇ. "ನಾನು ನಕಲು ಮಾಡಿಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಟ್ಟರೆ ಸಾಕು" ಎಂದುಕೊಂಡು ಬರುತ್ತಾರೆ. ರಿಟ್ ನ್ಯಾಯಾಲಯ ಮೇಲ್ಮನವಿ ನ್ಯಾಯಾಲಯದಂತೆ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ತೀರ್ಮಾನ ಯಾವ ರೀತಿಯಲ್ಲಿ ಆಯಿತು ಎಂಬುದನ್ನು ಪರಿಶೀಲಿಸುತ್ತದೆ. ಆರೋಪವನ್ನು ತಿಳಿಸಿದರೇ? ಸಾಕ್ಷ್ಯವನ್ನು ತೋರಿಸಿದರೇ? ನಿಮ್ಮ ಮಾತನ್ನು ಕೇಳಿದರೇ? ಶಿಕ್ಷೆ ನಿಯಮದಲ್ಲಿ ಇದೆಯೇ? ಆದೇಶದಲ್ಲಿ ಕಾರಣ ಬರೆದಿದ್ದಾರೆಯೇ? ಇದನ್ನೇ ನ್ಯಾಯಾಂಗ ಪರಾಮರ್ಶೆ ಎನ್ನುತ್ತಾರೆ.

ವಿದ್ಯಾರ್ಥಿಯ ಪರವಾಗಿರುವ ಅಡಿಪಾಯದ ತೀರ್ಪು ಬಂದದ್ದು 1962ರಲ್ಲಿ. ಉತ್ತರ ಪ್ರದೇಶದ ಪ್ರೌಢಶಾಲಾ ಮತ್ತು ಇಂಟರ್‌ಮೀಡಿಯೆಟ್ ಮಂಡಳಿಯು ಮಾತನ್ನೇ ಕೇಳದೆ ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ರದ್ದು ಮಾಡಿತ್ತು. ಪರೀಕ್ಷಾ ಸಮಿತಿಯು ಇಂಥ ಸಂದರ್ಭದಲ್ಲಿ ಅರೆ ನ್ಯಾಯಿಕ ಸಂಸ್ಥೆಯಂತೆ, ಅಂದರೆ ಬಹುಮಟ್ಟಿಗೆ ನ್ಯಾಯಾಲಯದ ರೀತಿಯಲ್ಲಿ, ವರ್ತಿಸಬೇಕು, ವಿದ್ಯಾರ್ಥಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಹಜ ನ್ಯಾಯದ ತತ್ವ ಎಂದು ವಕೀಲರು ಹೇಳುವುದು ಇದನ್ನೇ: ಕೇಳದೆ ಶಿಕ್ಷಿಸಬಾರದು, ತನ್ನದೇ ಪ್ರಕರಣಕ್ಕೆ ತಾನೇ ತೀರ್ಪುಗಾರನಾಗಬಾರದು.

ವಿಶ್ವವಿದ್ಯಾಲಯದ ಪರವಾಗಿಯೂ ಅಷ್ಟೇ ಗಟ್ಟಿಯಾದ ತೀರ್ಪುಗಳಿವೆ. ಅವು ನಿಮಗೆ ಮೊದಲೇ ಗೊತ್ತಿರಬೇಕು. ಮಹಾರಾಷ್ಟ್ರದ ಪ್ರೌಢಶಿಕ್ಷಣ ಮಂಡಳಿಯ 1991ರ ಪ್ರಕರಣದಲ್ಲಿ, ಪರೀಕ್ಷಾ ಅಕ್ರಮವನ್ನು ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಸಂಭವನೀಯತೆ ಯಾವ ಕಡೆ ಹೆಚ್ಚು ವಾಲುತ್ತದೆ ಎಂದು ನೋಡಿದರೆ ಸಾಕು, ಸಾಂದರ್ಭಿಕ ಸಾಕ್ಷ್ಯವೂ ನಡೆಯುತ್ತದೆ ಎಂದು ಹೇಳಲಾಯಿತು. ಇಬ್ಬರ ಉತ್ತರ ಪತ್ರಿಕೆಯಲ್ಲಿ ಒಂದೇ ಬಗೆಯ ತಪ್ಪುಗಳಿದ್ದರೆ ನಕಲು ಎಂದು ಊಹಿಸಲು ಸಮಿತಿಗೆ ಅವಕಾಶವಿದೆ ಎಂಬ ಮಾತು 1960ರ ದಶಕದಿಂದಲೂ ನಿಂತಿದೆ. ಇಡೀ ಪರೀಕ್ಷಾ ಕೇಂದ್ರದಲ್ಲಿ ಸಾಮೂಹಿಕ ನಕಲು ನಡೆದಾಗ ಪ್ರತಿಯೊಬ್ಬ ವಿದ್ಯಾರ್ಥಿಗೂ ನೋಟಿಸ್ ಕೊಟ್ಟು ಕೇಳಬೇಕಿಲ್ಲ ಎಂದು ಬಿಹಾರದ ಪರೀಕ್ಷಾ ಮಂಡಳಿಯ 1970ರ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅಂದರೆ ನಿಮ್ಮೊಬ್ಬರ ಮೇಲಿನ ಆರೋಪ ಬೇರೆ, ಕೇಂದ್ರದ ಪರೀಕ್ಷೆಯೇ ರದ್ದಾಗುವುದು ಬೇರೆ. ಎರಡನೆಯದರಲ್ಲಿ "ನನ್ನನ್ನು ಕೇಳಲಿಲ್ಲ" ಎಂಬ ವಾದಕ್ಕೆ ಬಲ ಕಡಿಮೆ.

ಬೇಕಾಗುವ ಕಾಗದಗಳು

ಒಂದು ಕಡತ ಮಾಡಿ ಇವತ್ತಿನಿಂದಲೇ ತುಂಬಲು ಶುರುಮಾಡಿ: ಪ್ರವೇಶ ಪತ್ರ, ಪರೀಕ್ಷಾ ವೇಳಾಪಟ್ಟಿ, ಕೊಠಡಿಯಲ್ಲಿ ಸಹಿ ಹಾಕಿಸಿಕೊಂಡ ಹೇಳಿಕೆಯ ಪ್ರತಿ, ಕಾರಣ ಕೇಳುವ ನೋಟಿಸ್, ಅದಕ್ಕೆ ನೀವು ಕೊಟ್ಟ ಉತ್ತರ, ವಿಚಾರಣೆಗೆ ಕರೆದ ಪತ್ರ, ಅಂತಿಮ ಆದೇಶ, ಫಲಿತಾಂಶವನ್ನು ತಡೆಹಿಡಿಯಲಾಗಿದೆ ಎಂದು ತೋರಿಸುವ ಪುಟದ ಮುದ್ರಿತ ಪ್ರತಿ, ಹಿಂದಿನ ಸೆಮಿಸ್ಟರ್‌ಗಳ ಅಂಕಪಟ್ಟಿಗಳು, ಎಲ್ಲ ಇ-ಮೇಲ್‌ಗಳು. ಅಂಚೆಯಲ್ಲಿ ಬಂದ ಪತ್ರಗಳ ಲಕೋಟೆಯನ್ನೂ ಎಸೆಯಬೇಡಿ. ನೋಟಿಸ್ ಯಾವ ದಿನ ಕೈಸೇರಿತು ಎಂಬುದೇ ಮುಂದೆ ಮುಖ್ಯವಾಗಬಹುದು.

1. ಕೊಠಡಿಯಲ್ಲಿ ಆರೋಪ ಬಂದ ಗಳಿಗೆ

ಕೊಠಡಿ ಮೇಲ್ವಿಚಾರಕರು ಅಥವಾ ಸ್ಕ್ವಾಡ್ ನಿಮ್ಮ ಉತ್ತರ ಪತ್ರಿಕೆಯನ್ನು ವಶಕ್ಕೆ ಪಡೆದ ಬಳಿಕ ಒಂದು ನಮೂನೆಯನ್ನೋ ಬಿಳಿ ಹಾಳೆಯನ್ನೋ ಮುಂದಿಟ್ಟು ಹೇಳಿಕೆ ಬರೆದುಕೊಡಿ ಎನ್ನುತ್ತಾರೆ. ಈ ಒಂದು ಹಾಳೆ ಮುಂದಿನ ಇಡೀ ಪ್ರಕರಣವನ್ನು ಹೊತ್ತು ನಡೆಯುತ್ತದೆ. ಗಾಬರಿಯಲ್ಲಿ "ತಪ್ಪಾಯಿತು, ಕ್ಷಮಿಸಿ, ಬಿಟ್ಟುಬಿಡಿ" ಎಂದು ಬರೆದುಕೊಟ್ಟರೆ ಅದು ತಪ್ಪೊಪ್ಪಿಗೆಯಾಗಿ ಕಡತ ಸೇರುತ್ತದೆ. ತಿಂಗಳುಗಳ ನಂತರ "ಬಲವಂತವಾಗಿ ಬರೆಸಿಕೊಂಡರು" ಎಂದರೆ ಯಾವ ಸಮಿತಿಯೂ, ಯಾವ ನ್ಯಾಯಾಲಯವೂ ಸುಲಭವಾಗಿ ನಂಬುವುದಿಲ್ಲ.

ಹಾಳೆಯನ್ನು ಪೂರ್ತಿ ಓದಿ. ನಡೆದದ್ದನ್ನು ನಡೆದಂತೆಯೇ, ನಿಮ್ಮದೇ ಮಾತಿನಲ್ಲಿ ಬರೆಯಿರಿ: ವಸ್ತು ಎಲ್ಲಿ ಸಿಕ್ಕಿತು, ಯಾರು ಎತ್ತಿಕೊಂಡರು, ಗಂಟೆ ಎಷ್ಟಾಗಿತ್ತು. ಆರೋಪವನ್ನು ನೀವು ಒಪ್ಪದಿದ್ದರೆ "ಈ ಆರೋಪವನ್ನು ಒಪ್ಪುವುದಿಲ್ಲ" ಎಂದು ಬರೆದು ಅದರ ಕೆಳಗೆ ಸಹಿ ಮಾಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಿಜವಾಗಿಯೂ ಒತ್ತಾಯದಿಂದ ಬರೆಸಿಕೊಂಡಿದ್ದರೆ ಅದೇ ದಿನ ಸಂಜೆಯೊಳಗೆ ಪ್ರಾಂಶುಪಾಲರಿಗೂ ಕುಲಸಚಿವರಿಗೂ (ಮೌಲ್ಯಮಾಪನ) ಇ-ಮೇಲ್ ಕಳಿಸಿ. ಆ ದಿನಾಂಕವೇ ನಿಮ್ಮ ಮಾತಿಗೆ ಬೆಲೆ ತರುತ್ತದೆ.

ಮೊಬೈಲ್ ಫೋನನ್ನು ವಶಪಡಿಸಿಕೊಂಡರೆ ಸ್ವೀಕೃತಿ ಕೇಳಿ. ಫೋನು ನಿಮ್ಮ ಬಳಿಯೇ ಉಳಿದರೆ ಅದರಲ್ಲಿರುವ ಯಾವ ಸಂದೇಶವನ್ನೂ ಅಳಿಸಬೇಡಿ. ಅಳಿಸಿದ್ದು ಗೊತ್ತಾದರೆ, ಅದರಲ್ಲಿ ಏನೂ ಇರಲಿಲ್ಲವೆಂದು ಹೇಳುವ ದಾರಿಯೂ ಮುಚ್ಚಿಹೋಗುತ್ತದೆ. ಕೊಠಡಿಯಲ್ಲಿ ಸಿಸಿಟಿವಿ ಇದ್ದರೆ ಆ ದಿನದ ದೃಶ್ಯಾವಳಿಯನ್ನು ಕಾಯ್ದಿಡಬೇಕೆಂದು ಲಿಖಿತವಾಗಿ ಕೋರಿ. ಇಂಥ ಯಂತ್ರಗಳಲ್ಲಿ ಹಳೆಯ ದೃಶ್ಯಗಳ ಮೇಲೆ ಹೊಸವು ತಾವಾಗಿಯೇ ದಾಖಲಾಗುತ್ತಾ ಹೋಗುವುದರಿಂದ ಒಂದು ತಿಂಗಳು ಬಿಟ್ಟು ಕೇಳಿದರೆ ಸಿಗುವ ಭರವಸೆಯಿಲ್ಲ.

ಉಳಿದ ವಿಷಯಗಳ ಪರೀಕ್ಷೆಯನ್ನು ಬರೆಯಲು ಬಿಟ್ಟರೆ ತಪ್ಪದೆ ಬರೆಯಿರಿ.

2. ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಹುಡುಕಿ ಓದಿ

ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಅನ್ವಯಿಸುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ 1994ರಲ್ಲಿ ಬಂದ ಪ್ರತ್ಯೇಕ ಕಾಯ್ದೆಗಳಿವೆ. ಪರೀಕ್ಷಾ ಅಕ್ರಮದ ವಿವರ ಇರುವುದು ಕಾಯ್ದೆಗಿಂತ ಅದರ ಅಡಿಯಲ್ಲಿ ಮಾಡಿದ ಪರಿನಿಯಮ, ಅಧ್ಯಾದೇಶ, ವಿನಿಯಮಗಳಲ್ಲಿ. ಸ್ವಾಯತ್ತ ಕಾಲೇಜಾದರೆ ಕಾಲೇಜಿನದೇ ಪರೀಕ್ಷಾ ಕೈಪಿಡಿ ಇರುತ್ತದೆ.

ಅದರಲ್ಲಿ ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಮೇಲಿನ ಆರೋಪ ಯಾವ ವರ್ಗಕ್ಕೆ ಸೇರುತ್ತದೆ. ಆ ವರ್ಗಕ್ಕೆ ಗರಿಷ್ಠ ಶಿಕ್ಷೆ ಏನು: ಒಂದು ವಿಷಯದ ರದ್ದತಿಯೇ, ಇಡೀ ಸೆಮಿಸ್ಟರಿನದೇ, ಮುಂದಿನ ಪರೀಕ್ಷೆಗಳಿಗೂ ನಿರ್ಬಂಧವೇ. ಶಿಕ್ಷೆ ವಿಧಿಸುವ ಅಧಿಕಾರ ಯಾರಿಗಿದೆ: ಸಮಿತಿಗೋ, ಕುಲಪತಿಗೋ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೋ. ಮೇಲ್ಮನವಿ ಇದೆಯೇ, ಇದ್ದರೆ ಎಷ್ಟು ದಿನದೊಳಗೆ.

ಚೀಟಿ ಅಥವಾ ಮೊಬೈಲ್ ಪ್ರಕರಣಗಳಲ್ಲಿ ನಿಯಮದ ಪದಗಳನ್ನು ಎರಡು ಬಾರಿ ಓದಿ. ಎಷ್ಟೋ ನಿಯಮಗಳಲ್ಲಿ ನಿಷೇಧಿತ ವಸ್ತುವನ್ನು ಹೊಂದಿರುವುದೇ ಅಪರಾಧ. ನೋಡಿ ಬರೆದಿದ್ದೀರಾ ಇಲ್ಲವಾ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಇಂಥ ನಿಯಮವನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಹಾಗೆಯೇ ಎತ್ತಿಹಿಡಿದಿದೆ. "ಚೀಟಿ ಜೇಬಿನಲ್ಲಿತ್ತು, ಆದರೆ ನಾನು ಬಳಸಲಿಲ್ಲ" ಎಂಬುದು ಬಹಳ ಮಂದಿ ಬಲವಾದದ್ದೆಂದು ನಂಬಿರುವ, ನಿಜಕ್ಕೂ ಬಹಳ ದುರ್ಬಲವಾದ ಸಮರ್ಥನೆ. ವಸ್ತು ನಿಮ್ಮ ಬಳಿಯೇ ಸಿಕ್ಕಿತೇ, ಅದು ಆ ದಿನದ ವಿಷಯಕ್ಕೆ ಸಂಬಂಧಿಸಿದ್ದೇ ಎಂಬ ಪ್ರಶ್ನೆಗಳಲ್ಲಿ ಹೆಚ್ಚು ಸತ್ವವಿರಬಹುದು.

3. ನೋಟಿಸಿಗೆ ಉತ್ತರ ಕೊಡುವುದು

ಕಾರಣ ಕೇಳುವ ನೋಟಿಸ್ ಎಂದರೆ "ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು" ಎಂದು ಕೇಳುವ ಪತ್ರ. ಕಾಲೇಜಿನ ಗುಮಾಸ್ತರು ಕೊಟ್ಟ ಮಾದರಿಯನ್ನು ನಕಲಿಳಿಸಿ ಕ್ಷಮಾಪಣೆ ಬರೆದುಕೊಡುವುದು ಇಲ್ಲಿ ಸಾಮಾನ್ಯವಾಗಿ ನಡೆಯುವ ಅನಾಹುತ. ಉತ್ತರ ಕೊಡುವ ಮೊದಲು ಸಾಧ್ಯವಾದರೆ ವಕೀಲರೊಬ್ಬರಿಗೆ ತೋರಿಸಿ. ಹಣ ಖರ್ಚು ಮಾಡುವುದಿದ್ದರೆ ಈ ಹಂತದಲ್ಲಿ ಮಾಡುವ ಖರ್ಚು ಹೆಚ್ಚು ಸಾರ್ಥಕ.

ಆರೋಪ ಅಸ್ಪಷ್ಟವಾಗಿದ್ದರೆ, ಅಂದರೆ ದಿನಾಂಕ, ವಿಷಯ, ಸಿಕ್ಕ ವಸ್ತು ಯಾವುದನ್ನೂ ಹೇಳದೆ "ಪರೀಕ್ಷಾ ಅಕ್ರಮದಲ್ಲಿ ತೊಡಗಿದ್ದೀರಿ" ಎಂದಷ್ಟೇ ಇದ್ದರೆ, ಮೊದಲು ವಿವರವನ್ನೂ ದಾಖಲೆಗಳನ್ನೂ ಕೇಳಿ ಪತ್ರ ಬರೆಯಿರಿ: ಮೇಲ್ವಿಚಾರಕರ ವರದಿ, ವಶಪಡಿಸಿಕೊಂಡ ಚೀಟಿಯ ಪ್ರತಿ, ಹೋಲಿಕೆ ಮಾಡಿದ ಉತ್ತರ ಪತ್ರಿಕೆಗಳು, ದೃಶ್ಯಾವಳಿ. ದಾಖಲೆ ಬರುವವರೆಗೆ ಸುಮ್ಮನಿರಬೇಡಿ. ಗಡುವಿನೊಳಗೆ "ದಾಖಲೆಗಳು ಬಂದ ಮೇಲೆ ಪೂರ್ಣ ಉತ್ತರ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡು" ಎಂದು ಬರೆದು ತಾತ್ಕಾಲಿಕ ಉತ್ತರವನ್ನಾದರೂ ಕೊಡಿ. ಗಡುವು ಮೀರಿದರೆ "ಅವಕಾಶ ಕೊಟ್ಟೆವು, ವಿದ್ಯಾರ್ಥಿಯೇ ಬಳಸಿಕೊಳ್ಳಲಿಲ್ಲ" ಎಂದು ವಿಶ್ವವಿದ್ಯಾಲಯ ಹೇಳುತ್ತದೆ. ನ್ಯಾಯಾಲಯ ಅದನ್ನು ಒಪ್ಪುತ್ತದೆ.

ಸುಳ್ಳು ಮಾತ್ರ ಬರೆಯಬೇಡಿ. ಮೊದಲ ಹೇಳಿಕೆಗೂ ಈ ಉತ್ತರಕ್ಕೂ ತಾಳೆಯಾಗದಿದ್ದರೆ ಅದೇ ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ.

4. ವಿಚಾರಣಾ ಸಮಿತಿಯ ಎದುರು

ಸಮಿತಿಯ ಮುಂದೆ ವಕೀಲರನ್ನು ಕರೆದುಕೊಂಡು ಹೋಗುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ನೀವೇ ಮಾತನಾಡಬೇಕು. ಆದ್ದರಿಂದ ಹೇಳಬೇಕಾದ್ದನ್ನು ಒಂದೂವರೆ ಪುಟದಲ್ಲಿ ಬರೆದುಕೊಂಡು ಹೋಗಿ, ಒಂದು ಪ್ರತಿಯನ್ನು ಸಮಿತಿಗೆ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ನಡಾವಳಿಯಲ್ಲಿ "ವಿದ್ಯಾರ್ಥಿ ಹಾಜರಾಗಿ ಹೇಳಿಕೆ ನೀಡಿದರು" ಎಂದಷ್ಟೇ ದಾಖಲಾಗಬಹುದು. ಹೈಕೋರ್ಟ್ ನೋಡುವುದು ನಡಾವಳಿಯನ್ನು.

ಉತ್ತರ ಪತ್ರಿಕೆಗಳ ಹೋಲಿಕೆಯ ಆರೋಪವಾದರೆ ನಿಮ್ಮ ತರಗತಿಯ ಟಿಪ್ಪಣಿ, ಉತ್ತರ ಬಂದ ಪಠ್ಯಪುಸ್ತಕದ ಪುಟ ಇತ್ಯಾದಿಗಳನ್ನು ಕೊಂಡೊಯ್ಯಿರಿ. ಇಬ್ಬರೂ ಒಂದೇ ಮೂಲದಿಂದ ಕಲಿತಿದ್ದರೆ ಸರಿಯುತ್ತರಗಳು ಹೋಲುವುದು ಸಹಜ. ತಪ್ಪುಗಳೂ ಹೋಲಿದರೆ ಮಾತ್ರ ಕಷ್ಟ. ಅದಕ್ಕೆ ವಿವರಣೆ ಇದ್ದರೆ ಅಲ್ಲಿಯೇ ಕೊಡಬೇಕು. ಕೊಠಡಿಯ ಆಸನ ವ್ಯವಸ್ಥೆಯ ನಕ್ಷೆಯನ್ನು ಕೇಳಿ. ಆ ಇನ್ನೊಬ್ಬ ವಿದ್ಯಾರ್ಥಿ ನಾಲ್ಕು ಸಾಲು ಆಚೆ ಕುಳಿತಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಉತ್ತರ.

ಮೇಲ್ವಿಚಾರಕರನ್ನು ಪ್ರಶ್ನಿಸಲು ಅವಕಾಶ ಬೇಕೆಂದರೆ ಲಿಖಿತವಾಗಿ ಕೋರಿ. ಹೀಗೆ ಸಾಕ್ಷಿಯನ್ನು ಪ್ರಶ್ನಿಸುವ ಪಾಟಿ ಸವಾಲಿನ ಅವಕಾಶವನ್ನು ಎಲ್ಲ ಪ್ರಕರಣದಲ್ಲೂ ಕೊಡಲೇಬೇಕೆಂಬ ನಿಯಮವಿಲ್ಲ. ವಿಚಾರಣಾ ವರದಿಯ ಪ್ರತಿಯನ್ನು ಕೊಡದಿರುವುದರಿಂದಲೇ ಪ್ರಕ್ರಿಯೆ ಬಿದ್ದುಹೋಗುವುದಿಲ್ಲ ಎಂದು ಕೇರಳ ವಿಶ್ವವಿದ್ಯಾಲಯದ 1968ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ವಿದ್ಯಾರ್ಥಿ ಅದನ್ನು ಕೇಳಿರಲೇ ಇಲ್ಲ ಎಂಬುದನ್ನೂ ನ್ಯಾಯಾಲಯ ಗಮನಿಸಿತ್ತು. ಕೇಳಿ ನಿರಾಕರಿಸಲ್ಪಟ್ಟವರ ಸ್ಥಿತಿ, ಕೇಳದೇ ಇದ್ದವರ ಸ್ಥಿತಿಗಿಂತ ಯಾವಾಗಲೂ ಮೇಲು.

5. ಆದೇಶವನ್ನು ಓದುವ ಬಗೆ

ಆದೇಶ ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಆದೇಶವೇ ಇಲ್ಲದೆ ಫಲಿತಾಂಶದ ಪುಟದಲ್ಲಿ ಮಾತ್ರ "ಅಕ್ರಮ" ಎಂದು ತೋರಿಸುತ್ತಿದ್ದರೆ ಕುಲಸಚಿವರಿಗೆ (ಮೌಲ್ಯಮಾಪನ) ಪತ್ರ ಬರೆದು ಆದೇಶದ ಪ್ರತಿ ಕೇಳಿ.

ನನ್ನ ದೃಷ್ಟಿಯಲ್ಲಿ ಹೈಕೋರ್ಟಿನಲ್ಲಿ ನಿಲ್ಲಬಲ್ಲ ಆಧಾರಗಳು ಬಲದ ಕ್ರಮದಲ್ಲಿ ಹೀಗಿವೆ. ನೋಟಿಸನ್ನೇ ಕೊಡದೆ ಅಥವಾ ಕೇಳದೆ ಶಿಕ್ಷಿಸಿರುವುದು ಎಲ್ಲಕ್ಕಿಂತ ಬಲವಾದದ್ದು. ಅಧಿಕಾರವಿಲ್ಲದವರು ಶಿಕ್ಷಿಸಿರುವುದು, ಅಥವಾ ಆ ವರ್ಗಕ್ಕೆ ನಿಯಮದಲ್ಲಿ ಇಲ್ಲದ ಶಿಕ್ಷೆ ಕೊಟ್ಟಿರುವುದು ಅದರಷ್ಟೇ ಗಟ್ಟಿ. ಆಮೇಲೆ, ನಿಮಗೆ ತೋರಿಸದ ಸಾಕ್ಷ್ಯವನ್ನು ಆಧರಿಸಿರುವುದು. ಅದಾದ ಮೇಲೆ ಕಾರಣಗಳಿಲ್ಲದ ಆದೇಶ. "ಸಮಿತಿಯು ಪರಿಶೀಲಿಸಿ ಆರೋಪ ಸಾಬೀತಾಗಿದೆ ಎಂದು ತೀರ್ಮಾನಿಸಿದೆ" ಎಂಬ ಒಂದೇ ಸಾಲಿನ ಆದೇಶಗಳು ನಮ್ಮಲ್ಲಿ ಬೇಕಾದಷ್ಟು ಹೊರಡುತ್ತವೆ. ಆದೇಶದಲ್ಲಿ ಇಲ್ಲದ ಕಾರಣಗಳನ್ನು ಆಮೇಲೆ ನ್ಯಾಯಾಲಯದಲ್ಲಿ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ತುಂಬಿಸಲು ಬರುವುದಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಅದು ಚುನಾವಣೆಗೆ ಸಂಬಂಧಿಸಿದ ಪ್ರಕರಣವಾದರೂ ಆಡಳಿತಾತ್ಮಕ ಆದೇಶಗಳ ವಿರುದ್ಧ ಇವತ್ತಿಗೂ ದಿನನಿತ್ಯ ಬಳಕೆಯಾಗುತ್ತದೆ.

ಅದೇ ಘಟನೆಯಲ್ಲಿ ಅದೇ ತಪ್ಪು ಮಾಡಿದ ಇನ್ನೊಬ್ಬರಿಗೆ ಹಗುರ ಶಿಕ್ಷೆ ಕೊಟ್ಟಿದ್ದರೆ 14ನೇ ವಿಧಿಯ ಸಮಾನತೆಯ ವಾದವಿದೆ. ಶಿಕ್ಷೆ ತಪ್ಪಿಗೆ ತೀರಾ ಹೊಂದದಷ್ಟು ಕಠಿಣವಾಗಿದ್ದರೆ ಅನುಪಾತದ ವಾದವೂ ಇದೆ, ಆದರೆ ನಕಲಿನ ಪ್ರಕರಣಗಳಲ್ಲಿ ನ್ಯಾಯಾಲಯಗಳು ಶಿಕ್ಷೆಯ ಪ್ರಮಾಣಕ್ಕೆ ಕೈಹಾಕುವುದು ವಿರಳ.

"ನಾನು ಒಳ್ಳೆಯ ವಿದ್ಯಾರ್ಥಿ, ಭವಿಷ್ಯ ಹಾಳಾಗುತ್ತದೆ, ಮನೆಯಲ್ಲಿ ಕಷ್ಟವಿದೆ" ಎಂಬುದನ್ನೇ ಮುಖ್ಯ ವಾದ ಮಾಡಿಕೊಳ್ಳಬೇಡಿ. ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದರ ವಿದ್ಯಾರ್ಥಿಯ ಬಳಿ ಚೀಟಿ ಸಿಕ್ಕ ಪ್ರಕರಣದಲ್ಲಿ, ಶೈಕ್ಷಣಿಕ ವಿಷಯಗಳಲ್ಲಿ ಅನುಕಂಪಕ್ಕೆ ಜಾಗವಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಖಂಡತುಂಡವಾಗಿ ಹೇಳಿದೆ. ಜೊತೆಗೆ, ಪ್ರಕ್ರಿಯೆಯಲ್ಲಿ ದೋಷವಿದೆ ಎಂದು ತೋರಿಸಿದರಷ್ಟೇ ಸಾಲದು. ಆ ದೋಷದಿಂದ ನಿಮಗೆ ನಿಜವಾದ ಹಾನಿಯಾಯಿತು ಎಂದೂ ತೋರಿಸಬೇಕೆಂದು 2020ರ ತೀರ್ಪೊಂದು ಸ್ಪಷ್ಟಪಡಿಸಿದೆ. ಆರೋಪವನ್ನು ಮೊದಲೇ ಒಪ್ಪಿಕೊಂಡವರಿಗೆ ಇದು ದೊಡ್ಡ ತೊಡಕು.

6. ಮೇಲ್ಮನವಿ, ಮಾಹಿತಿ ಹಕ್ಕು ಮತ್ತು ಕಾಲ

ನಿಯಮದಲ್ಲಿ ಮೇಲ್ಮನವಿ ಇದ್ದರೆ ಮೊದಲು ಅದನ್ನು ಬಳಸಿ. ಪರ್ಯಾಯ ಪರಿಹಾರ ಇದ್ದೂ ನೇರವಾಗಿ ಬಂದರೆ ಹೈಕೋರ್ಟ್ ಅರ್ಜಿಯನ್ನು ವಾಪಸು ಕಳಿಸಬಹುದು. ಸಹಜ ನ್ಯಾಯದ ಉಲ್ಲಂಘನೆ ಅಥವಾ ಅಧಿಕಾರವ್ಯಾಪ್ತಿಯೇ ಇಲ್ಲದ ಆದೇಶ ಇದಕ್ಕೆ ಅಪವಾದ.

ದಾಖಲೆಗಳು ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಮಾನಿಸಿದೆ. ಆದರೆ ಮಾಹಿತಿಗಾಗಿ ಕಾಯುತ್ತಾ ಅರ್ಜಿಯನ್ನು ಮುಂದೂಡಬೇಡಿ. ದಾಖಲೆಗಳನ್ನು ಹಾಜರುಪಡಿಸುವಂತೆ ಹೈಕೋರ್ಟೇ ವಿಶ್ವವಿದ್ಯಾಲಯಕ್ಕೆ ಸೂಚಿಸಬಹುದು.

ರಿಟ್ ಅರ್ಜಿಗೆ ಇಷ್ಟೇ ದಿನ ಎಂಬ ಕಟ್ಟುನಿಟ್ಟಿನ ಕಾಲಮಿತಿ ಇಲ್ಲ. ಇದನ್ನು ಕೇಳಿ ಹಲವರು ನಿಧಾನಿಸುತ್ತಾರೆ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದರೆ ಆ ಒಂದೇ ಕಾರಣಕ್ಕೆ ಅರ್ಜಿ ವಜಾ ಆಗಬಹುದು. ಕುಲಪತಿಗೆ, ಸಚಿವರಿಗೆ, ರಾಜ್ಯಪಾಲರಿಗೆ ಒಂದರ ಹಿಂದೊಂದು ಮನವಿ ಕೊಟ್ಟ ಮಾತ್ರಕ್ಕೆ ಕಾಲ ಹಿಗ್ಗುವುದಿಲ್ಲ. ಮುಂದಿನ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನೇ ನಿಮ್ಮ ನಿಜವಾದ ಗಡುವು ಎಂದುಕೊಂಡು ಅದಕ್ಕಿಂತ ಕೆಲವು ವಾರ ಮೊದಲೇ ನ್ಯಾಯಾಲಯ ತಲುಪಿ.

7. ಯಾವ ನ್ಯಾಯಾಲಯ, ಯಾವ ಪೀಠ

ಗ್ರಾಹಕರ ಆಯೋಗಕ್ಕೆ ಹೋಗಬೇಡಿ. ಪರೀಕ್ಷೆ ನಡೆಸುವ ಮಂಡಳಿ ಸೇವೆ ಮಾರುವ ಸಂಸ್ಥೆಯಲ್ಲ, ಪರೀಕ್ಷಾರ್ಥಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಸಿವಿಲ್ ದಾವೆಗೆ ಅವಕಾಶವಿದ್ದರೂ ಅದು ಮುಗಿಯುವ ಹೊತ್ತಿಗೆ ಪದವಿಯ ಅವಧಿಯೇ ಮುಗಿದಿರುತ್ತದೆ. ಹೈಕೋರ್ಟಿನ ರಿಟ್ ಅರ್ಜಿಯೇ ರೂಢಿಯಲ್ಲಿರುವ ದಾರಿ. ಕರ್ನಾಟಕ ಹೈಕೋರ್ಟಿನ ಪ್ರಧಾನ ಪೀಠ ಬೆಂಗಳೂರಿನಲ್ಲಿದೆ. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ, ಬಳ್ಳಾರಿ, ಕೊಪ್ಪಳದ ಕಡೆಯವರಿಗೆ ಧಾರವಾಡ ಪೀಠ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರದವರಿಗೆ ಕಲಬುರಗಿ ಪೀಠ. ಕಾಲೇಜು ಒಂದು ಕಡೆ, ವಿಶ್ವವಿದ್ಯಾಲಯದ ಕಚೇರಿ ಇನ್ನೊಂದು ಕಡೆ ಇದ್ದರೆ ಎಲ್ಲಿ ಸಲ್ಲಿಸಬೇಕೆಂಬುದನ್ನು ವಕೀಲರು ಮೊದಲೇ ಖಚಿತಪಡಿಸಿಕೊಳ್ಳಲಿ.

ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದವರು "ನಮ್ಮ ಮೇಲೆ ರಿಟ್ ಬರುವುದಿಲ್ಲ" ಎಂದು ಹೇಳುವುದುಂಟು. ಶಿಕ್ಷಣ ನೀಡುವುದು ಸಾರ್ವಜನಿಕ ಕಾರ್ಯವಾದ್ದರಿಂದ ಡೀಮ್ಡ್ ವಿಶ್ವವಿದ್ಯಾಲಯವೂ 226ನೇ ವಿಧಿಯ ವ್ಯಾಪ್ತಿಗೆ ಬರುತ್ತದೆ ಎಂದು ಎಸ್‌ಆರ್‌ಎಂ ವಿಶ್ವವಿದ್ಯಾಲಯದ 2015ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

8. ವಕೀಲರು ಮತ್ತು ಅರ್ಜಿ

ಶಿಕ್ಷಣ ಸಂಬಂಧಿ ರಿಟ್‌ಗಳನ್ನು ನಡೆಸಿದ ಅನುಭವವಿರುವ ವಕೀಲರನ್ನು ಹುಡುಕಿ. ಅವರ ಮುಂದೆ ಏನನ್ನೂ ಮುಚ್ಚಿಡಬೇಡಿ, ಚೀಟಿ ನಿಮ್ಮದೇ ಆಗಿದ್ದರೂ ಹೇಳಿ. ವಿಶ್ವವಿದ್ಯಾಲಯ ಮೂಲ ಕಡತವನ್ನು ನ್ಯಾಯಾಲಯದ ಮುಂದಿಟ್ಟಾಗ ಹೊಸ ಸಂಗತಿ ಹೊರಬಿದ್ದರೆ, ಸತ್ಯವನ್ನು ಮರೆಮಾಚಿದ ಕಾರಣಕ್ಕೇ ಅರ್ಜಿ ವಜಾ ಆಗುತ್ತದೆ, ದಂಡವೂ ಬೀಳಬಹುದು.

ಹಣದ ಅಡಚಣೆ ಇದ್ದರೆ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿಗೆ ತಮಗೆ ಈ ಹಕ್ಕಿದೆ ಎಂಬುದೇ ಗೊತ್ತಿಲ್ಲ.

ನೀವು ಸಹಿ ಮಾಡಬೇಕಾದವು ಮುಖ್ಯವಾಗಿ ಎರಡು: ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತು ಮತ್ತು ಅರ್ಜಿಯ ಸಂಗತಿಗಳು ನಿಜವೆಂದು ಹೇಳುವ ಪ್ರಮಾಣಪತ್ರ. ಅರ್ಜಿಯನ್ನು ಓದದೆ ಪ್ರಮಾಣಪತ್ರಕ್ಕೆ ಸಹಿ ಹಾಕಬೇಡಿ, ಇಂಗ್ಲಿಷಿನಲ್ಲಿದ್ದರೆ ಅರ್ಥ ಕೇಳಿ ತಿಳಿದುಕೊಳ್ಳಿ. ಕನ್ನಡದ ನೋಟಿಸ್ ಮತ್ತು ಆದೇಶಗಳಿಗೆ ಇಂಗ್ಲಿಷ್ ಅನುವಾದ ಜೋಡಿಸಬೇಕಾಗುತ್ತದೆ. ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಹದಿನೆಂಟು ತುಂಬದವರ ಪರವಾಗಿ ಪೋಷಕರು ಅರ್ಜಿ ಹಾಕಬೇಕು.

ಕೋರಿಕೆಗಳನ್ನು ಗಮನಿಸಿ. ಆದೇಶವನ್ನು ರದ್ದುಮಾಡಲು ಕೇಳುವುದು ಸರ್ಷಿಯೊರರಿ, ಫಲಿತಾಂಶ ಪ್ರಕಟಿಸುವಂಥ ನಿರ್ದಿಷ್ಟ ಕೆಲಸ ಮಾಡಿಸಲು ಕೇಳುವುದು ಮ್ಯಾಂಡಮಸ್. ಎರಡನ್ನೂ ಕೇಳಬೇಕು. ಆದೇಶವನ್ನು ರದ್ದುಮಾಡಿಸಿಕೊಂಡು, ತಡೆಹಿಡಿದ ಫಲಿತಾಂಶದ ಬಗ್ಗೆ ಏನನ್ನೂ ಕೇಳದೆ ಬಿಟ್ಟರೆ ಮತ್ತೆ ಅಲೆಯಬೇಕಾಗುತ್ತದೆ.

9. ಮಧ್ಯಂತರ ಆದೇಶ

ಅರ್ಜಿ ಇತ್ಯರ್ಥವಾಗುವವರೆಗೆ ಮುಂದಿನ ಪರೀಕ್ಷೆ ಬರೆಯಲು ಬಿಡಿ ಎಂದು ಕೇಳುವುದು ಮಧ್ಯಂತರ ಕೋರಿಕೆ. ಪರೀಕ್ಷೆ ಹತ್ತಿರವಿದ್ದರೆ ತುರ್ತಾಗಿ ಪಟ್ಟಿ ಮಾಡಿಸಲು ವಕೀಲರು ಕೋರಬಹುದು. ಬೇಸಿಗೆ, ದಸರಾ ಮತ್ತು ವರ್ಷಾಂತ್ಯದ ರಜೆಗಳಲ್ಲಿ ರಜಾಕಾಲದ ಪೀಠಗಳು ತುರ್ತು ಪ್ರಕರಣಗಳನ್ನು ಕೇಳುತ್ತವೆ. ಹಾಗಿದ್ದರೂ ರಜೆಗೆ ಮುಂಚೆಯೇ ಸಲ್ಲಿಸುವುದು ಕ್ಷೇಮ.

ಕೊಟ್ಟರೂ ಅದು ಷರತ್ತುಬದ್ಧ: ಪರೀಕ್ಷೆ ಬರೆಯಬಹುದು, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿರುತ್ತದೆ, ಇದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಕೊನೆಗೆ ಸೋತರೆ ಹಾಗೆ ಬರೆದ ಪರೀಕ್ಷೆಗಳೂ ಲೆಕ್ಕಕ್ಕೆ ಬಾರದೆ ಹೋಗಬಹುದು. ಶೈಕ್ಷಣಿಕ ವಿಷಯಗಳಲ್ಲಿ ಇಂಥ ಮಧ್ಯಂತರ ಆದೇಶಗಳನ್ನು ಸುಪ್ರೀಂ ಕೋರ್ಟ್ ಹಲವು ಬಾರಿ ಟೀಕಿಸಿರುವುದರಿಂದ ಇದು ಖಂಡಿತ ಸಿಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಸಿಕ್ಕಿದರೆ ಆದೇಶದ ಪ್ರತಿಯನ್ನು ಅದೇ ದಿನ ಕುಲಸಚಿವರ ಕಚೇರಿಗೂ ಪರೀಕ್ಷಾ ಕೇಂದ್ರಕ್ಕೂ ತಲುಪಿಸಿ ಸ್ವೀಕೃತಿ ಪಡೆಯಿರಿ.

ಪೋಷಕರಿಗೆ ಒಂದು ಮಾತು. ಈ ಕಾಯುವಿಕೆ ಮಕ್ಕಳನ್ನು ಒಳಗಿಂದೊಳಗೇ ತಿನ್ನುತ್ತದೆ. ಮನೆಯಲ್ಲಿ ಬೈಗುಳ ಸಾಕು ಮಾಡಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಮಗ ಅಥವಾ ಮಗಳು ಮಾತು ಬಿಟ್ಟಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

10. ತೀರ್ಪು ಮತ್ತು ಅನಂತರ

ಗೆಲುವು ಎಂದರೆ ಏನು ಎಂಬುದನ್ನು ಮೊದಲೇ ತಿಳಿದುಕೊಂಡಿರಿ. ಸಹಜ ನ್ಯಾಯದ ಉಲ್ಲಂಘನೆಯ ಮೇಲೆ ಆದೇಶ ರದ್ದಾದಾಗ ನ್ಯಾಯಾಲಯ ಸಾಮಾನ್ಯವಾಗಿ ವಿಷಯವನ್ನು ವಿಶ್ವವಿದ್ಯಾಲಯಕ್ಕೇ ಮರಳಿಸಿ, ನೋಟಿಸ್ ಕೊಟ್ಟು ಕೇಳಿ ಹೊಸದಾಗಿ ತೀರ್ಮಾನಿಸಿ ಎನ್ನುತ್ತದೆ. ಸಮಿತಿ ಈ ಸಲ ಸರಿಯಾಗಿ ವಿಚಾರಣೆ ನಡೆಸಿ ಅದೇ ಶಿಕ್ಷೆಯನ್ನು ಮತ್ತೆ ಕೊಡಬಹುದು. ಆದ್ದರಿಂದ ಮರುವಿಚಾರಣೆಗೆ ಕಾಲಮಿತಿ ನಿಗದಿಪಡಿಸುವಂತೆ ವಕೀಲರ ಮೂಲಕ ಕೋರಿ, 3 ಮತ್ತು 4ನೇ ಹಂತಗಳ ಸಿದ್ಧತೆಯನ್ನು ಮತ್ತೊಮ್ಮೆ ಮಾಡಿಕೊಳ್ಳಿ. ಒಂದೇ ಸೆಮಿಸ್ಟರಿನ ನಿರ್ಬಂಧವಾಗಿದ್ದು ಅದು ಹೇಗೂ ಮುಗಿಯುತ್ತಾ ಬಂದಿದ್ದರೆ, ವ್ಯಾಜ್ಯ ಬೇಕೇ ಎಂದು ಈ ಹಿನ್ನೆಲೆಯಲ್ಲಿ ನಿಷ್ಠುರವಾಗಿ ಯೋಚಿಸಬೇಕು. ನ್ಯಾಯಾಲಯದ ತೀರ್ಪುಗಳು ಅಂತರ್ಜಾಲದಲ್ಲಿ ಪ್ರಕಟವಾಗುತ್ತವೆ. ಮುಂದೆ ಉದ್ಯೋಗ ಕೊಡುವವರು ನಿಮ್ಮ ಹೆಸರನ್ನು ಹುಡುಕಿದಾಗ ಅದು ಸಿಗಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಏಕಸದಸ್ಯ ಪೀಠದಲ್ಲಿ ಸೋತರೆ ಕರ್ನಾಟಕ ಹೈಕೋರ್ಟ್ ಅಧಿನಿಯಮ, 1961ರ 4ನೇ ಸೆಕ್ಷನ್ ಅಡಿಯಲ್ಲಿ ಇಬ್ಬರು ನ್ಯಾಯಾಧೀಶರ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ 30 ದಿನಗಳ ಕಾಲಮಿತಿ ಇದೆ. ವಿಶ್ವವಿದ್ಯಾಲಯವೂ ಇದೇ ದಾರಿ ಹಿಡಿಯಬಹುದು. ನೀವು ಗೆದ್ದಿದ್ದರೆ, ನಿಮ್ಮನ್ನು ಕೇಳದೆ ತಡೆಯಾಜ್ಞೆ ಹೊರಡದಂತೆ ಮುಂಚಿತವಾಗಿಯೇ ಕೇವಿಯಟ್ ಸಲ್ಲಿಸುವ ಬಗ್ಗೆ ವಕೀಲರೊಂದಿಗೆ ಮಾತನಾಡಿ.

ತೀರ್ಪಿನ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಹಾಕಿ. ಪ್ರತಿ ಸಿಕ್ಕ ಕೂಡಲೇ ಮನವಿಪತ್ರದೊಂದಿಗೆ ಕುಲಸಚಿವರಿಗೂ ಕಾಲೇಜಿಗೂ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಫಲಿತಾಂಶದ ಪುಟ, ಅಂಕಪಟ್ಟಿ ಎರಡರಲ್ಲೂ ಹಳೆಯ ನಮೂದು ಹೋಗಿದೆಯೇ ನೋಡಿ. ತೀರ್ಪಿನಲ್ಲಿ ಹೇಳಿದ ಅವಧಿ ಮುಗಿದರೂ ವಿಶ್ವವಿದ್ಯಾಲಯ ಅಲುಗಾಡದಿದ್ದರೆ ಮೊದಲು ವಕೀಲರ ನೋಟಿಸ್ ಕಳಿಸಿ, ಆಮೇಲೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಿ. ಉಲ್ಲಂಘನೆಯಾದ ದಿನದಿಂದ ಒಂದು ವರ್ಷದೊಳಗೆ ಅದನ್ನು ಸಲ್ಲಿಸಬೇಕು.